ಜೆಸಿಬಿ ಉತ್ತ ಗಣಿಕೆ

ಜುಲೈ 12, 2025, ಶನಿವಾರ
ಬಸವನಗುಡಿ, ಬೆಂಗಳೂರು

ಬೇಸಿಗೆಯಲ್ಲಿ ಕೊಳವೆ ಹಾಕಲು ನಮ್ಮ ಅಡ್ಡರಸ್ತೆ ಅಗೆದವರು ಮಣ್ಣನ್ನು ಅಂಚಿಗೇ ಗುಡ್ಡೆ ಹಾಕಿ ನಾಪತ್ತೆಯಾದರು. ಅದರ ಮೇಲೀಗ ಮೊಣಕಾಲೆತ್ತರದ ಗಣಿಕೆ ಸೊಪ್ಪಿನ ಗಿಡಗಳು. ಬಿತ್ತಿದ್ದು ಪಿಕಳಾರ, ಉತ್ತಿದ್ದು ಜೆಸಿಬಿ. ಹಣ್ಣು ನುಂಗಿದ ಹಕ್ಕಿಯ ಹೊಟ್ಟೆಯಲ್ಲಿ ಬೀಜ ಕರಗುವುದಿಲ್ಲ. ಅದು ತಂತಿಯ ಮೇಲೆ ಕುಳಿತು ಹಿಕ್ಕೆ ಹಾಕಿದಲ್ಲೆಲ್ಲ ಉದುರುತ್ತದೆ. ಮಣ್ಣಿನಡಿ ಸಿಕ್ಕಿಕೊಂಡ ಬೀಜ ವರ್ಷಗಟ್ಟಲೆ ಸುಮ್ಮನಿದ್ದು, ಯಾರಾದರೂ ಅಗೆದು ಬೆಳಕು ಕಾಣಿಸಿದೊಡನೆ ಮೊಳೆಯುತ್ತದೆ. ಅಗೆಯುವವರಿಗೆ ಈ ಊರಿನಲ್ಲಿ ಬರವೇ!

ಇಂದು ಒಂದು ಗಿಡವನ್ನು ಬಗ್ಗಿಸಿ ನೋಡಿದೆ. ಹೂಗೊಂಚಲು ಎಲೆಯ ಕಂಕುಳಿನಿಂದ ಬಂದಿಲ್ಲ, ಎರಡು ಎಲೆಗಳ ನಡುವಿನ ಬರಿಯ ಕಾಂಡದಿಂದ ಹೊರಟಿದೆ. ಐದು ಬಿಳಿ ದಳಗಳು ಹಿಂದಕ್ಕೆ ಮಡಚಿಕೊಂಡು, ನಡುವೆ ಹಳದಿ ಕೇಸರಗಳು ಒತ್ತಾಗಿ ನಿಂತಿವೆ. ಪರಾಗ ಹೊರಬರುವುದು ಆ ಕೇಸರಗಳ ತುದಿಯ ತೂತುಗಳಿಂದ. ದುಂಬಿ ಬರದಿದ್ದರೂ ತನ್ನದೇ ಪರಾಗದಿಂದ ಕಾಯಿ ಕಟ್ಟಬಲ್ಲದು. ಒಂದೇ ಗಿಡದಲ್ಲಿ ಹೂವು, ಹಸಿರು ಕಾಯಿ, ಕಪ್ಪು ಹಣ್ಣು ಮೂರೂ ಇದ್ದವು. ಹಣ್ಣೊಂದನ್ನು ಹಿಚುಕಿದರೆ ಬೆರಳ ತುಂಬ ಬೀಜ.

ಎದುರು ಮನೆಯ ಹುಡುಗ ಮೊಬೈಲ್ ಹಿಡಿದು ಓಡಿಬಂದ. "ಆಂಟಿ, ಮುಟ್ಟಬೇಡಿ, ವಿಷ!" ಅವನು ನೋಡಿದ್ದು ಯುರೋಪಿನ ಬೆಲ್ಲಡೋನ ಎಂಬ ವಿಷಗಿಡದ ಚಿತ್ರ. ಅದರ ಹಣ್ಣು ದೊಡ್ಡದು, ಒಂಟಿ. ಇದರದು ಮೆಣಸಿನ ಕಾಳಿಗಿಂತ ತುಸು ದಪ್ಪ, ಗೊಂಚಲು ಗೊಂಚಲು. ಆದರೂ ಹಸಿರು ಕಾಯಿಯಲ್ಲಿ ಸೊಲನೈನ್ ಎಂಬ ವಿಷ ಇರುತ್ತದೆ, ಬಾಯಿಗೆ ಹಾಕಬೇಡ ಎಂದು ಹೇಳಿ ಕಳಿಸಿದೆ. ತೀರ್ಥಹಳ್ಳಿ ಕಡೆಯ ಪಕ್ಕದ ಮನೆಯ ಅಜ್ಜಿಯದು ಬೇರೆಯೇ ಚಿಂತೆ: "ಇಷ್ಟು ಸೊಪ್ಪು ಹಾಳಾಗುತ್ತಿದೆಯಲ್ಲಮ್ಮಾ, ಬಾಯಿ ಹುಣ್ಣಿಗೆ ತಂಬುಳಿ ಮಾಡಬಾರದೇ?" ಚರಂಡಿ ಪಕ್ಕದ ಮಣ್ಣು ಅಜ್ಜಿ, ಬೇಕಾದರೆ ಗಾಂಧಿ ಬಜಾರಿನಿಂದ ಕಟ್ಟು ತಂದುಕೊಡುತ್ತೇನೆ ಎಂದೆ. ಅವರಿಗೆ ಅದು ದಂಡದ ಖರ್ಚು.

ನನ್ನ ತಕರಾರು ಹುಳುವಿನದು. ಬದನೆ, ಟೊಮೆಟೊಗಳ ಕುಲವೇ ಇದೂ. ಬೆನ್ನ ತುಂಬ ಕಪ್ಪು ಚುಕ್ಕಿಯ ಬದನೆ ದುಂಬಿಗಳು ಇದರ ಎಲೆಯನ್ನೂ ಕೆರೆದು ಜಾಲರಿ ಮಾಡಿವೆ. ನನ್ನ ಬದನೆ ಕುಂಡಗಳಿರುವುದು ಗೇಟಿನಿಂದ ಹತ್ತೇ ಹೆಜ್ಜೆ ಒಳಗೆ. ಹಾಗಾಗಿ ಗೇಟಿನ ಬದಿಯ ಗಿಡಗಳನ್ನಷ್ಟೇ ಕಿತ್ತೆ. ಹಣ್ಣಾಗಿದ್ದವನ್ನು ಗೊಬ್ಬರದ ಡಬ್ಬಕ್ಕೆ ಹಾಕಲಿಲ್ಲ. ಹಾಕಿದರೆ ಬರುವ ವರ್ಷ ಕುಂಡಗಳಲ್ಲೆಲ್ಲ ಇದರದೇ ದರಬಾರು.