ಕೆಂಪು ಬಾಗಿಲಿನ ಚರ್ಚು, ಕೆಟ್ಟ ಬಾಯ್ಲರು, ನನ್ನ ಕರ್ಜಿಕಾಯಿ

ಮಗಳ ಬಾಣಂತನಕ್ಕೆ ಅಂತ ಅಮೆರಿಕಕ್ಕೆ ಹೋಗಿ ಬಂದವರೆಲ್ಲ ನಯಾಗರಾ ಫಾಲ್ಸ್ ಮುಂದೆ ರೇನ್‌ಕೋಟ್ ಹಾಕ್ಕೊಂಡು ನಿಂತಿರೋ ಫೋಟೋ ತೋರಿಸ್ತಾರೆ. ನನ್ನ ಹತ್ರ ಅದಿಲ್ಲ. ನನ್ನ ಫೋನಲ್ಲಿರೋದು ಒಂದು ಚರ್ಚಿನ ಅಡುಗೆಮನೆ ಫೋಟೋ, ಅದರಲ್ಲಿ ಎಪ್ಪತ್ತು ದಾಟಿದ ನಾಲ್ಕು ಜನ ಹೆಂಗಸರು ಏಪ್ರನ್ ಕಟ್ಕೊಂಡು ಕಪ್ ತೊಳೀತಿದಾರೆ, ಐದನೆಯವಳು ನಾನು, ಸೀರೆ ಮೇಲೆ ಸ್ವೆಟರ್, ಕೈಯಲ್ಲಿ ಟವಲ್. ಎರಡು ತಿಂಗಳಿದ್ದೆ, ನೋಡಿದ ಊರಿಗಿಂತ ತೊಳೆದ ಕಪ್ಪೇ ಜಾಸ್ತಿ ಅಂತ ಅಳಿಯ ಈಗಲೂ ರೇಗಿಸ್ತಾರೆ.

ನಾವು ಸಿಎಸ್‌ಐ, ಅಂದ್ರೆ ಚರ್ಚ್ ಆಫ್ ಸೌತ್ ಇಂಡಿಯಾ, ಅದರ ಕನ್ನಡ ಸಭೆಯವರು. ಗೊತ್ತಿಲ್ಲದವರಿಗೆ ಹೇಳ್ತೀನಿ, ಆಂಗ್ಲಿಕನ್ (ಚರ್ಚ್ ಆಫ್ ಇಂಗ್ಲೆಂಡ್ ಪರಂಪರೆಯವರು), ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಅಂತ ಬೇರೆ ಬೇರೆ ಇದ್ದೋರೆಲ್ಲ ಸೇರಿ 1947ರ ಸೆಪ್ಟೆಂಬರ್ 27ಕ್ಕೆ ಮದ್ರಾಸಲ್ಲಿ ಒಂದೇ ಸಭೆ ಆದರು, ದೇಶಕ್ಕೆ ಸ್ವಾತಂತ್ರ್ಯ ಬಂದು ಆರು ವಾರಕ್ಕೆ. ಬೆಂಗಳೂರಲ್ಲಿ ಹಡ್ಸನ್ ಸರ್ಕಲ್ ಅಂದ್ರೆ ಎಲ್ಲರಿಗೂ ಗೊತ್ತು, ಅಲ್ಲಿರೋ 1904ರ ಹಡ್ಸನ್ ಮೆಮೋರಿಯಲ್ ಚರ್ಚೂ ನಮ್ಮ ಸಿಎಸ್‌ಐದೇ, ನಾನು ಹೋಗೋದು ಅದಕ್ಕಿಂತ ಚಿಕ್ಕದಕ್ಕೆ, ಹೆಸರು ಬೇಡ ಬಿಡಿ.

ಮಗಳ ಮನೆ ಮ್ಯಾಸಚೂಸೆಟ್ಸ್‌ನಲ್ಲಿ, ಬಾಸ್ಟನ್ನಿಂದ ಟ್ರೈನಲ್ಲಿ ಸುಮಾರು ಒಂದು ಗಂಟೆ. ಸೆಪ್ಟೆಂಬರ್ ಕೊನೆಗೆ ಹೋದೆ. ಮಗು ಹುಟ್ಟಿ ಹತ್ತು ದಿನ ಆಗಿತ್ತು, ಮೊದಲನೇ ಭಾನುವಾರ ಮಗಳೇ "ಅಮ್ಮ ನೀನು ಒಂದು ಗಂಟೆ ಹೊರಗೆ ಹೋಗಿ ಬಾ, ನಾನು ಮಲಗ್ತೀನಿ" ಅಂದ್ಲು, ಅಂದ್ರೆ ನನ್ನ ಉಪದೇಶ ಕೇಳಿ ಸಾಕಾಗಿತ್ತು ಅಂತ ಅರ್ಥ. ರಸ್ತೆ ತುದೀಲಿ 'ಎಪಿಸ್ಕೋಪಲ್ ಚರ್ಚ್ ನಿಮ್ಮನ್ನು ಸ್ವಾಗತಿಸುತ್ತದೆ' ಅಂತ ಇಂಗ್ಲಿಷಲ್ಲಿ ಬರೆದ ಸಣ್ಣ ಬೋರ್ಡು, ಬಾಣದ ಗುರುತು ಹಿಡಿದು ಹೋದ್ರೆ ಕಲ್ಲಿನ ಚಿಕ್ಕ ಚರ್ಚು, ಕುಂಕುಮದ ಬಣ್ಣದ ಬಾಗಿಲು. ಎಪಿಸ್ಕೋಪಲ್ ಅಂದ್ರೆ ಬಿಷಪ್ಪರು ಇರೋ ಸಭೆ ಅಂತಷ್ಟೇ. ಒಂದು ಕಾಲಕ್ಕೆ ಇದು ಚರ್ಚ್ ಆಫ್ ಇಂಗ್ಲೆಂಡೇ, ಅಮೆರಿಕದವರು ರಾಜನ ಮೇಲೆ ಯುದ್ಧ ಮಾಡಿ ಗೆದ್ದ ಮೇಲೆ ಆ ಹೆಸರು ಇಟ್ಕೊಳಕ್ಕಾಗುತ್ತಾ? ಬಿಷಪ್ ಆಗಬೇಕು ಅಂದ್ರೆ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಬೇಕು ಅಂದರಂತೆ ಇಂಗ್ಲೆಂಡಲ್ಲಿ, ಆಗಲ್ಲ ಅಂತ ಸ್ಯಾಮ್ಯುಯೆಲ್ ಸೀಬರಿ ಅನ್ನೋರು ಸ್ಕಾಟ್ಲೆಂಡಿಗೆ ಹೋಗಿ 1784ರಲ್ಲಿ ಅಬರ್ಡೀನ್‌ನಲ್ಲಿ ಅಭಿಷೇಕ ಮಾಡಿಸ್ಕೊಂಡು ಬಂದು ಅಮೆರಿಕದ ಮೊದಲನೇ ಬಿಷಪ್ ಆದರು.

ಒಳಗೆ ಅರವತ್ತು ಜನ ಇರಬಹುದು, ತಲೆ ಎಲ್ಲ ಬಿಳಿ. ನಮ್ಮಲ್ಲಿ ಈಸ್ಟರ್‌ಗೆ ಹೊರಗೆ ಶಾಮಿಯಾನ ಹಾಕ್ತೀವಿ, ಇಲ್ಲಿ ಬೆಂಚು ಅರ್ಧಕ್ಕರ್ಧ ಖಾಲಿ. ಆದ್ರೆ ಪುಸ್ತಕ ತೆಗೆದ್ರೆ ಪ್ರಾರ್ಥನೆಯ ಸಾಲುಗಳು ಒಂದಾದ ಮೇಲೊಂದು ನಮ್ಮ ಮನೆಯವೇ. ಅವರು ಇಂಗ್ಲಿಷಲ್ಲಿ ಹೇಳ್ತಿದ್ರು, ನನ್ನ ಬಾಯಲ್ಲಿ ಕನ್ನಡದಲ್ಲಿ ತಾನಾಗೇ ಬರ್ತಿತ್ತು, ಪಕ್ಕದಲ್ಲಿದ್ದ ಅಜ್ಜ ಒಂದ್ಸಲ ತಿರುಗಿ ನೋಡಿ ನಕ್ಕರು. ಸಮಾಧಾನ ಹಂಚೋ ಹೊತ್ತಿಗೆ ಎಲ್ಲರೂ ಜಾಗ ಬಿಟ್ಟು ಎದ್ದು ಓಡಾಡಿ ಕೈ ಕುಲುಕ್ತಾರೆ, ಅದೇ ಐದು ನಿಮಿಷ ಆಗುತ್ತೆ, ನಾನು ರೂಢಿ ತಪ್ಪದೆ ಎರಡೂ ಅಂಗೈ ಮಧ್ಯೆ ಅವರ ಕೈ ಹಿಡಿದೆ. ರೆಕ್ಟರ್, ಅಂದ್ರೆ ಅಲ್ಲಿನ ಪಾಸ್ಟರ್, ಆಮೇಲೆ ಕೇಳಿದ್ರು, ನೀವು ಸೌತ್ ಇಂಡಿಯಾದವರಾ ಅಂತ. ನಮ್ಮ ಸಿಎಸ್‌ಐ 1950ರಲ್ಲಿ ಹೊಸ ಆರಾಧನಾ ಕ್ರಮ ಮಾಡಿದಾಗ ಈ ಸಮಾಧಾನ ಕೊಡೋ ಪದ್ಧತಿನ ಕೇರಳದ ಸುರಿಯಾನಿ ಸಭೆಗಳಿಂದ ತಗೊಂಡು ಜನರ ಮಧ್ಯೆ ತಂತು, ಅದನ್ನ ನೋಡಿ ಬೇರೆ ದೇಶದ ಸಭೆಗಳೂ ಮತ್ತೆ ಶುರು ಮಾಡಿದವು, ಅಂತ ಅವರೇ ನನಗೆ ಹೇಳಿದ್ದು. ನಲವತ್ತು ವರ್ಷ ಪ್ರತಿ ಸಂಸ್ಕಾರದ (ರೊಟ್ಟಿ, ದ್ರಾಕ್ಷಾರಸ ಹಂಚೋ) ಭಾನುವಾರ ಕೈ ಹಿಡಿದವಳು ನಾನು, ನನಗೆ ಇದು ಗೊತ್ತಿರಲಿಲ್ಲ ನೋಡಿ!

ರೆಕ್ಟರ್ ಹೆಂಗಸು. ಇಲ್ಲಿ ಎಲ್ಲರೂ ಅವರನ್ನ ಬರೀ ಹೆಸರು ಹಿಡಿದು ಕರೀತಾರೆ, ನನ್ನ ನಾಲಿಗೆ ಏಳಲಿಲ್ಲ. ನಮ್ಮಲ್ಲಿ ಪಾಸ್ಟರ್ ಅಯ್ಯನವರು, ಅವರ ಹೆಂಡತಿ ಅಮ್ಮನವರು. ಇಲ್ಲಿ ಅಯ್ಯನವರೇ ಹೆಂಗಸು, ಅವರ ಗಂಡ ಅಡುಗೆಮನೇಲಿ ಕಾಫಿ ಮಷೀನ್ ನೋಡ್ಕೋತಿದ್ರು, ಹಾಗಾದ್ರೆ ಅವರು ಅಮ್ಮನವರಾ ಅಂತ ಮಗಳಿಗೆ ಕೇಳಿದೆ, ಅವಳು ನಕ್ಕು ನಕ್ಕು ಹೊಲಿಗೆ ನೋವು ಅಂದ್ಲು. ಆಂಗ್ಲಿಕನ್ ಸಭೆಗಳಲ್ಲೆಲ್ಲ ಮೊದಲ ಮಹಿಳಾ ಬಿಷಪ್ ಆದದ್ದು ಇದೇ ಮ್ಯಾಸಚೂಸೆಟ್ಸ್‌ನಲ್ಲಂತೆ, ಬಾರ್ಬರಾ ಹ್ಯಾರಿಸ್, 1989ರಲ್ಲಿ, ಕಪ್ಪು ಜನಾಂಗದವರು. ನಮ್ಮ ಸಿಎಸ್‌ಐಗೆ ಪುಷ್ಪಲಲಿತಾ ಅವರು ನಂದ್ಯಾಲದಲ್ಲಿ ಬಿಷಪ್ ಆಗಕ್ಕೆ 2013 ಬರಬೇಕಾಯ್ತು, ಇದನ್ನ ನಾನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ, ಸ್ವಲ್ಪ ನಾಚಿಕೆಯಿಂದ್ಲೂ.

ಸಂಸ್ಕಾರದಲ್ಲಿ ಕೊಡೋದು ನಿಜವಾದ ವೈನು, ಒಂದೇ ಬಟ್ಟಲು. ನಮ್ಮ ಚರ್ಚಲ್ಲಿ ಚಿಕ್ಕ ಚಿಕ್ಕ ಲೋಟದಲ್ಲಿ ದ್ರಾಕ್ಷಿ ರಸ. ಗೊತ್ತಿಲ್ಲದೆ ಒಂದು ಗುಟುಕು ಜೋರಾಗೇ ಎಳೆದೆ, ಕೆಮ್ಮು ನಿಲ್ಲಲಿಲ್ಲ.

ಆರಾಧನೆ ಮುಗಿದ ಮೇಲೆ ಕಾಫಿ ಅವರ್. ನನ್ನ ಕೇಳಿದ್ರೆ ಈ ಸಭೆ ನಿಂತಿರೋದೇ ಇದರ ಮೇಲೆ. ಗೋಡೆ ಮೇಲೆ ಒಂದು ಹಾಳೆ, ಯಾವ ಭಾನುವಾರ ಯಾರು ತಿಂಡಿ ತರ್ತಾರೆ ಅಂತ ಅವರವರೇ ಹೆಸರು ಬರೀಬೇಕು. ಪಕ್ಕದಲ್ಲಿ ಇನ್ನೊಂದು ಹಾಳೆ ಹೂವಿಗೆ, ಇನ್ನೊಂದು ಬೈಬಲ್ ಪಾಠ ಓದೋರಿಗೆ, ಮತ್ತೊಂದು ಆಲ್ಟರ್ ಗಿಲ್ಡಿಗೆ, ಅಂದ್ರೆ ಬಟ್ಟಲು ತೊಳೆದು ಬಟ್ಟೆ ಇಸ್ತ್ರಿ ಮಾಡಿ ಮೇಜು ಸಿದ್ಧ ಮಾಡೋರು. ಎಲ್ಲ ಹಾಳೆಯಲ್ಲೂ ಅದೇ ಎಂಟು ಹೆಸರು! ನಮ್ಮ ವುಮೆನ್ಸ್ ಫೆಲೋಶಿಪ್ಪಲ್ಲೂ ಹಾಗೇ, ನೂರು ಜನ ಮೆಂಬರು, ಈರುಳ್ಳಿ ಹೆಚ್ಚೋಕೆ ಮಾತ್ರ ಅದೇ ಎಂಟು ಜನ. ನಾನೂ ಒಂದು ವಾರಕ್ಕೆ ಹೆಸರು ಬರೆದೆ, ಚಿತ್ರಾನ್ನ ಅಂತ. ಮಾರನೇ ದಿನವೇ ಫೋನು, ಅದರಲ್ಲಿ ನಟ್ಸ್ ಇದೆಯಾ ಅಂತ. ಒಂದು ಮಗುವಿಗೆ ಕಡ್ಲೆಕಾಯಿ ಆಗಲ್ಲ. ಕಡ್ಲೆಕಾಯಿ ಬೀಜ ಇಲ್ಲದ ಚಿತ್ರಾನ್ನ ಮಾಡಿ ಅದಕ್ಕೊಂದು ಚೀಟಿ ಅಂಟಿಸಿ ಇಟ್ಟೆ, ನನ್ನ ಪ್ರಕಾರ ಅದು ಚಿತ್ರಾನ್ನವೇ ಅಲ್ಲ, ಪಾತ್ರೆ ಮಾತ್ರ ಖಾಲಿ ಆಯ್ತು.

ಅಕ್ಟೋಬರ್ ಮೊದಲ ವಾರ ಪ್ರಾಣಿಗಳನ್ನ ಆಶೀರ್ವಾದ ಮಾಡೋ ದಿನ. ನಾಲ್ಕನೇ ತಾರೀಕು ಸಂತ ಫ್ರಾನ್ಸಿಸ್ ಹಬ್ಬ, ಅದಕ್ಕೆ. ಹುಲ್ಲಿನ ಮೇಲೆ ನಾಯಿ ಒಂದು ಇಪ್ಪತ್ತು, ಬುಟ್ಟೀಲಿ ಬೆಕ್ಕು, ಒಂದು ಆಮೆ, ಒಬ್ಬಳು ಹುಡುಗಿ ಗೊಂಬೆ ಮೊಲ ತಂದಿದ್ಲು, ರೆಕ್ಟರ್ ಅದರ ತಲೆ ಮೇಲೂ ಕೈ ಇಟ್ಟು ಹೆಸರು ಕೇಳಿ ಪ್ರಾರ್ಥನೆ ಮಾಡಿದ್ರು. ನನಗೆ ನಮ್ಮಜ್ಜಿ ಊರಲ್ಲಿ ಸಂಕ್ರಾಂತಿಗೆ ದನ ಮೈ ತೊಳೆದು ಕಿಚ್ಚು ಹಾಯಿಸ್ತಿದ್ದದ್ದು ನೆನಪಾಯ್ತು, ಕ್ರಿಶ್ಚಿಯನ್ನರ ಮನೆ ಹಸು ಆದ್ರೂ ಅಜ್ಜಿ ಆವತ್ತು ಅದಕ್ಕೆ ಎಳ್ಳು ಬೆಲ್ಲ ತಿನ್ನಿಸದೆ ಇರ್ತಿರಲಿಲ್ಲ, ಅಯ್ಯನವರಿಗೆ ಹೇಳಬೇಡ ಅಂತಿದ್ಲು.

ಚರ್ಚನ್ನ ಬೆಚ್ಚಗಿಡೋ ಬಾಯ್ಲರ್ ವಿಷಯ ಬಂದದ್ದು ಅದಾದ ಮುಂದಿನ ಭಾನುವಾರ. ಇಲ್ಲಿ ಚರ್ಚಿನ ಆಡಳಿತ ನೋಡ್ಕೊಳ್ಳೋ ನಮ್ಮ ಪಾಸ್ಟರೇಟ್ ಕಮಿಟಿ ಥರ ವೆಸ್ಟ್ರಿ ಅಂತ ಇದೆ, ಸಭೆಯವರೇ ವೋಟ್ ಹಾಕಿ ಆರಿಸೋದು, ಅದರಲ್ಲಿ ಇಬ್ಬರು ವಾರ್ಡನ್. ಕಟ್ಟಡದ ತಲೆನೋವೆಲ್ಲ ಜೂನಿಯರ್ ವಾರ್ಡನ್‌ದು. ಅವರು ಎದ್ದು ನಿಂತು, ಬಾಯ್ಲರ್ ಈ ಚಳಿಗಾಲ ದಾಟೋದು ಡೌಟು, ಎಲ್ಲರೂ ಪ್ಲೆಡ್ಜ್ ಕಾರ್ಡ್ ಬೇಗ ಕೊಡಿ ಅಂದ್ರು. ಪ್ಲೆಡ್ಜ್ ಅಂದ್ರೆ ಬರೋ ವರ್ಷ ಇಷ್ಟು ಕೊಡ್ತೀನಿ ಅಂತ ಮುಂಚೇನೇ ಬರೆದು ಕೊಡೋದು, ಅದನ್ನ ಕೂಡಿಸಿ ಬಜೆಟ್ ಮಾಡ್ತಾರೆ, ಬಜೆಟ್ ಹಾಳೆ ಎಲ್ಲರ ಕೈಗೂ ಬರುತ್ತೆ, ಪಾಸ್ಟರ್ ಸಂಬಳ ಎಷ್ಟು ಅನ್ನೋದೂ ಅದರಲ್ಲಿರುತ್ತೆ, ನಾನು ಹೌಹಾರಿದೆ. ನಮ್ಮಲ್ಲಿ ತಿಂಗಳ ಚಂದಾ, ರಸೀದಿ, ಬಾಕಿ ಇದ್ರೆ ಕಮಿಟಿ ಎಲೆಕ್ಷನ್ನಲ್ಲಿ ವೋಟಿಲ್ಲ, ಆಗ ನೋಡಬೇಕು ಬಾಕಿ ಕಟ್ಟೋ ಕ್ಯೂ.

ಬಾಸ್ಟನ್ನಿಗೆ ನನ್ನ ಕರ್ಕೊಂಡು ಹೋದದ್ದೂ ಆಲ್ಟರ್ ಗಿಲ್ಡಿನ ಇಬ್ಬರು ಹೆಂಗಸರೇ, ಒಬ್ಬರು ರಿಟೈರ್ಡ್ ಟೀಚರ್, ಒಬ್ಬರು ನರ್ಸ್ ಆಗಿದ್ದವರು. ಮೊದಲು ಓಲ್ಡ್ ನಾರ್ತ್ ಚರ್ಚ್. 1723ರದ್ದು, ಬಾಸ್ಟನ್ನಲ್ಲಿ ಉಳಿದಿರೋ ಚರ್ಚ್ ಕಟ್ಟಡಗಳಲ್ಲೆಲ್ಲ ಹಳೇದು, ಎಪಿಸ್ಕೋಪಲ್ಲೇ, ಈಗಲೂ ಆರಾಧನೆ ನಡೆಯುತ್ತೆ. ಬೆಂಚಿನ ಬದಲು ಎದೆಮಟ್ಟದ ಮರದ ಗೋಡೆ ಇರೋ ಡಬ್ಬಿ ಡಬ್ಬಿ, ಒಂದೊಂದಕ್ಕೂ ಬಾಗಿಲು, ಒಂದೊಂದು ಮನೆತನದವರು ದುಡ್ಡು ಕೊಟ್ಟು ಹಿಡಿದಿಟ್ಕೊಂಡಿದ್ದಂತೆ. ಚಳೀಲಿ ಕಾಲ ಹತ್ರ ಕೆಂಡದ ಪೆಟ್ಟಿಗೆ ಇಟ್ಕೊಂಡು ಪಾಸ್ಟರ್ ಪ್ರಸಂಗ ಕೇಳ್ತಿದ್ರು. "ನೋಡಿ, ಬಾಯ್ಲರ್ ಇಲ್ಲದೆ ಹೇಗಿದ್ರು" ಅಂದ್ರು ಟೀಚರಮ್ಮ. ಬ್ರಿಟಿಷ್ ಸೈನ್ಯ ನೀರಿನ ದಾರೀಲಿ ಹೊರಟಿದೆ ಅಂತ ಸುಳಿವು ಕೊಡಕ್ಕೆ 1775ರ ಏಪ್ರಿಲ್ 18ರ ರಾತ್ರಿ ಗೋಪುರದಲ್ಲಿ ಎರಡು ಲಾಟೀನು ತೂಗುಹಾಕಿದ್ದು ಇಲ್ಲೇ, ಆಮೇಲೆ ಯುದ್ಧ. ಅದು ಅಮೆರಿಕದ ಮಕ್ಕಳಿಗೆಲ್ಲ ಬಾಯಿಪಾಠ. ನನಗೆ ಇಷ್ಟ ಆದದ್ದು ಬೇರೆ. ಅವತ್ತೇ, ಅದೇ ದಿನ, ಈ ಚರ್ಚಿನ ರೆಕ್ಟರು ರಾಜೀನಾಮೆ ಕೊಟ್ಟು ಹೋಗಿದ್ರಂತೆ, ಅವರು ರಾಜನ ಕಡೆ, ಸಭೆಯಲ್ಲಿ ಕೆಲವರು ಈ ಕಡೆ ಕೆಲವರು ಆ ಕಡೆ. ಲಾಟೀನು ಮೇಲಕ್ಕೆ ಹೊತ್ತವನು ಚರ್ಚಿನ ಕಾವಲುಗಾರ, ರಾಬರ್ಟ್ ನ್ಯೂಮನ್ ಅಂತ. ಅಯ್ಯನವರು ಬಿಟ್ಟು ಹೋದ ದಿನ ಬೀಗದ ಕೈ ಇದ್ದವನೇ ಚರಿತ್ರೆ ಸೇರಿದ. ನಮ್ಮ ಚರ್ಚಿನ ಗಂಟೆ ಹೊಡೆಯೋನಿಗೆ ಬಂದು ಹೇಳಿದೆ ಇದನ್ನ, ಅವನು ಸಂಬಳ ಎಷ್ಟಿತ್ತಂತೆ ಅಂತ ಕೇಳಿದ.

ಆಮೇಲೆ ಕಾಪ್ಲಿ ಸ್ಕ್ವೇರಿನ ಟ್ರಿನಿಟಿ ಚರ್ಚ್. 1877ರದ್ದು, ಪಕ್ಕದಲ್ಲಿ ಗಾಜಿನ ದೊಡ್ಡ ಟವರು, ಅದರೊಳಗೆ ಇಡೀ ಚರ್ಚಿನ ಪ್ರತಿಬಿಂಬ ಕಾಣುತ್ತೆ. ಒಳಗಿನ ಚಿತ್ರ, ಬಣ್ಣದ ಗಾಜು ಎಲ್ಲ ಸರಿ, ಕುತ್ತಿಗೆ ನೋಯೋವರೆಗೂ ನೋಡಿದೆ. ಆದ್ರೆ ಆ ಜಾಗ ಮೊದಲು ಜವುಗು ನೀರು, ಮಣ್ಣು ತುಂಬಿಸಿದ್ದು, ಅದಕ್ಕೆ ಅಷ್ಟು ದೊಡ್ಡ ಕಲ್ಲಿನ ಕಟ್ಟಡ ನಿಂತಿರೋದು ನೆಲದೊಳಗೆ ಬಡಿದ ಸುಮಾರು 4,500 ಮರದ ಕಂಬಗಳ ಮೇಲೆ. ಕಂಬ ಯಾವಾಗ್ಲೂ ನೀರಲ್ಲೇ ಮುಳುಗಿರಬೇಕಂತೆ, ಒಣಗಿದ್ರೆ ಕೊಳೆಯುತ್ತೆ. ನಮ್ಮೂರ ಬಾವಿಗೆ ಮರದ ಹಲಗೆ ಹಾಕೋ ಲೆಕ್ಕವೇ. ಇಷ್ಟು ದೊಡ್ಡ ಶ್ರೀಮಂತ ಚರ್ಚಿಗೂ ಅಂತರ್ಜಲದ ಚಿಂತೆ ಅಂತ ಕೇಳಿ ನಮ್ಮ ಇಬ್ಬರು ಗಿಲ್ಡಿನವರಿಗೆ ಎಷ್ಟು ಸಮಾಧಾನ ಆಯ್ತು ಅಂದ್ರೆ, ವಾಪಸ್ ಟ್ರೈನಲ್ಲಿ ಬಾಯ್ಲರ್ ಮಾತೇ ಎತ್ತಲಿಲ್ಲ.

ನವೆಂಬರ್ ಮೊದಲ ಭಾನುವಾರ ಸಕಲ ಸಂತರ ದಿನ. ಆ ವರ್ಷ ತೀರಿಕೊಂಡವರ, ನೆನೆಸ್ಕೋಬೇಕು ಅನ್ನೋರ ಹೆಸರೆಲ್ಲ ಓದ್ತಾರೆ. ನಾನು ನಮ್ಮ ಯಜಮಾನ್ರ ಹೆಸರು ಬರೆದು ಕೊಟ್ಟೆ. ಶನಿವಾರ ರಾತ್ರಿ ಎಂಟು ಗಂಟೆಗೆ ಪಾಠ ಓದೋ ಅಜ್ಜ ಫೋನ್ ಮಾಡಿ, ಇದನ್ನ ಹೇಗೆ ಹೇಳೋದು ನಿಧಾನಕ್ಕೆ ಹೇಳಿ ಅಂದ್ರು. ಮೂರು ಸಲ ಹೇಳಿಸ್ಕೊಂಡ್ರು. ಮಾರನೇ ದಿನ ಓದುವಾಗ್ಲೂ ತಪ್ಪೇ ಬಂತು, ಮಧ್ಯದ ಅಕ್ಷರ ಪೂರ್ತಿ ನುಂಗಿಬಿಟ್ರು. ನಾನೇನೂ ಹೇಳಲಿಲ್ಲ.

ಇನ್ನು ಹರಾಜಿನ ಕಥೆ, ಇದನ್ನ ಬರೀಬೇಕು ಅಂತಲೇ ಶುರು ಮಾಡಿದ್ದು. ನಮ್ಮ ಸುಗ್ಗಿ ಹಬ್ಬ ನೋಡಿದೀರಾ? ಮನೆಯಿಂದ ತಂದ ಕುಂಬಳಕಾಯಿ, ಬಾಳೆಗೊನೆ, ಕೋಳಿ, ಕೇಕು ಎಲ್ಲ ಚರ್ಚಿನ ಅಂಗಳದಲ್ಲಿ ಹರಾಜು. ಮೈಕಲ್ಲಿ ಒಬ್ಬ ಕೂಗ್ತಾನೆ, ಒಂದು ಸಾರಿ, ಎರಡು ಸಾರಿ, ಅಣ್ಣ ತಮ್ಮಂದಿರೇ ಪಂತ ಕಟ್ಟಿ ಕುಂಬಳಕಾಯಿಗೆ ಸಾವಿರಾರು ರೂಪಾಯಿ ಏರಿಸ್ತಾರೆ, ತಗೊಂಡೋನು ಅದನ್ನೇ ವಾಪಸ್ ಕೊಟ್ಟು ಮತ್ತೆ ಹರಾಜು ಹಾಕಿ ಅಂತಾನೆ. ಇಲ್ಲೂ ನವೆಂಬರಲ್ಲಿ ಬಜಾರ್ ಇದೆ, ಹರಾಜೂ ಇದೆ ಅಂದ್ರು, ಖುಷಿಯಾಗಿ ಎರಡು ದಿನ ಕೂತು ಕರ್ಜಿಕಾಯಿ, ಕುಲ್‌ಕುಲ್ ಕರಿದೆ, ಮಗಳ ಮನೆ ಹೊಗೆ ಅಲಾರಂ ಎರಡು ಸಲ ಕೂಗ್ತು. ಹೋಗಿ ನೋಡ್ತೀನಿ, ಸೈಲೆಂಟ್ ಆಕ್ಷನ್! ಸಾಮಾನಿನ ಮುಂದೆ ಒಂದು ಹಾಳೆ, ಒಂದು ಪೆನ್ಸಿಲು. ಬೇಕಾದೋರು ಬಂದು ಸದ್ದಿಲ್ಲದೆ ರೇಟು ಬರೆದು ಹೋಗೋದು. ಆಸ್ಪತ್ರೆ ಥರ ನಿಶ್ಶಬ್ದ. ಹರಾಜು ಅಂದ್ರೆ ಅದರ ಜೀವವೇ ಗಂಟಲು ಅಲ್ವಾ?

ನನ್ನ ಕರ್ಜಿಕಾಯಿ ಡಬ್ಬಿ, ಎಳ್ಳು ಇದೆ ಕೊಬ್ಬರಿ ಇದೆ ಅಂತ ಚೀಟಿ ಸಮೇತ, ಐದು ಡಾಲರಿಂದ ಶುರು. ಅರ್ಧ ಗಂಟೆ ಯಾರೂ ಬರಲಿಲ್ಲ, ನಾನು ದೂರದಲ್ಲಿ ಕೇಕ್ ಟೇಬಲ್ ಹಿಂದೆ ನಿಂತು ನೋಡ್ತಾನೇ ಇದ್ದೆ. ಆಮೇಲೆ ಅದೇ ಹೆಸರು ತಪ್ಪು ಓದಿದ ಅಜ್ಜ ಬಂದು ಐದು ಅಂತ ಬರೆದ್ರು. ಹೋಗಿ ಸೂಪ್ ಕುಡಿದು ಬಂದ್ರು, ಹಾಳೆ ನೋಡಿ ಆರು ಅಂತ ಬರೆದ್ರು. ಇನ್ನೊಂದು ಸುತ್ತು ಹಾಕಿ ಎಂಟು. ಮೇಲಿರೋದೂ ಅವರದೇ ಹೆಸರು, ಕೆಳಗೂ ಅವರದೇ. ಕೊನೇಲಿ ಬೆಲ್ ಹೊಡೆದಾಗ ಇಪ್ಪತ್ತೆರಡು ಡಾಲರ್, ಹಾಳೆ ತುಂಬ ಒಬ್ಬರೇ. ವಾರ್ಡನ್ "ನೀವು ನಿಮ್ಮ ಜೊತೆಗೇ ಪೈಪೋಟಿ ಮಾಡಿದೀರಲ್ಲ" ಅಂದ್ರೆ, ಅಜ್ಜ "ಬಾಯ್ಲರಿಗೆ" ಅಂತ ಹೇಳಿ ಡಬ್ಬಿ ಕಂಕುಳಲ್ಲಿ ಇಟ್ಕೊಂಡು ಹೋದ್ರು.

ನವೆಂಬರ್ ಕೊನೇಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಆಗಿ ಎರಡು ದಿನಕ್ಕೆ ನಾನು ಹೊರಟೆ. ನನ್ನ ಇಮೇಲ್ ಅವರ ಲಿಸ್ಟಲ್ಲಿ ಸೇರಿಸಿದ್ರು, ತೆಗೆಸಿಲ್ಲ, ಪ್ರತಿ ಗುರುವಾರ ಬರುತ್ತೆ. ಆಡ್ವೆಂಟ್ (ಕ್ರಿಸ್ಮಸ್‌ಗೆ ಮುಂಚಿನ ವಾರಗಳು) ಹಾರ ಕಟ್ಟೋದು ಬಂತು, ಮಕ್ಕಳ ಕ್ರಿಸ್ಮಸ್ ನಾಟಕಕ್ಕೆ ಕುರಿ ವೇಷದವರು ಬೇಕು ಅಂತ ಬಂತು, ಜನವರಿಲಿ ವಾರ್ಷಿಕ ಸಭೆ, ಇಲ್ಲದವರಿಗೆ ಆಹಾರ ಕೊಡೋ ಫುಡ್ ಪ್ಯಾಂಟ್ರಿಗೆ ಟ್ಯೂನಾ ಮೀನಿನ ಡಬ್ಬಿ ಕಮ್ಮಿ ಆಗಿದೆ, ಬೇಸ್‌ಮೆಂಟಲ್ಲಿ ಕುಡಿತ ಬಿಟ್ಟವರ ಮೀಟಿಂಗು ಎಂದಿನ ಹಾಗೆ. ಮೊನ್ನೆ ಬಂದದ್ದು ಪ್ಯಾನ್‌ಕೇಕ್ ಊಟದ್ದು, ಬೂದಿ ಬುಧವಾರದ ಹಿಂದಿನ ಮಂಗಳವಾರ, ಉಪವಾಸದ ದಿನಗಳು ಶುರುವಾಗೋ ಮುಂಚೆ ಮನೇಲಿರೋ ಬೆಣ್ಣೆ ಮೊಟ್ಟೆ ಖಾಲಿ ಮಾಡೋ ಹಳೇ ರೂಢಿ ಅದು. ಕೆಳಗೆ ಒಂದು ಸಾಲು, 'ದಯವಿಟ್ಟು ಬೆಚ್ಚಗೆ ಬಟ್ಟೆ ಹಾಕ್ಕೊಂಡು ಬನ್ನಿ' ಅಂತ.