ಹಾಲಿನ ಲೆಕ್ಕದ ಕೆಳಗೆ ನಿದ್ದೆಯ ಲೆಕ್ಕ

ಪಿಯುಸಿ ಓದುವಾಗ ಬೆಳಗ್ಗೆ 6ಕ್ಕೆ ಮಂಡ್ಯದಲ್ಲಿ ಟ್ಯೂಷನ್. ಮೊದಲ ಬಸ್ಸು ಸಿಗಬೇಕೆಂದರೆ ನಾಲ್ಕೂವರೆಗೆ ಏಳಬೇಕು. ರಾತ್ರಿ 12 ಆದರೂ ನಿದ್ದೆ ಹತ್ತುತ್ತಿರಲಿಲ್ಲ. ಮೋಟರಿಗೆ ತ್ರೀ ಫೇಸ್ ಕರೆಂಟ್ ಬರುತ್ತಿದ್ದದ್ದೂ ನಡುರಾತ್ರಿಯಲ್ಲೇ. ಅಪ್ಪ ಟಾರ್ಚ್ ಹಿಡಿದು ಕಬ್ಬಿಗೆ ನೀರು ಕಟ್ಟಲು ಹೊರಟರೆ, ಚಿಲಕದ ಸದ್ದಿಗೆ ನನಗೂ ಎಚ್ಚರ.

ಒಂದು ದಿನ ಸಾರಿಗೆ ಉಪ್ಪು ಕಮ್ಮಿ ಅಂತ ತಟ್ಟೆ ತಳ್ಳಿಬಿಟ್ಟೆ. ಮುದ್ದೆ ಉರುಳಿಕೊಂಡು ಹೋಗಿ ಒರಳುಕಲ್ಲಿನ ಹತ್ತಿರ ನಿಂತಿತು. ಅವ್ವ ಬೈಯಲಿಲ್ಲ. ಅದನ್ನು ಎತ್ತಿ ಕಲಗಚ್ಚಿನ ಬಾನಿಗೆ ಹಾಕಿ, "ಈ ಹೈದಂಗೆ ಏನೋ ಆಗದೆ ಕಣಿ" ಎಂದು ಅಪ್ಪನಿಗೆ ಹೇಳಿದಳು. ಆ ಮುದ್ದೆ ಇವತ್ತಿಗೂ ಕಣ್ಣ ಮುಂದೆ ಬರುತ್ತದೆ.

ವಯಸ್ಸಿನ ಆಟ, ಸರಿಹೋಗುತ್ತೆ ಎಂದರು ಮಾವ. ಹೋಗಲಿಲ್ಲ. ಡಿಗ್ರಿಗೆ ಮೈಸೂರಿಗೆ ಬಂದೆ, ಸರಸ್ವತಿಪುರಂನಲ್ಲಿ ರೂಮು ಮಾಡಿದೆ, ಕೆಲಸಕ್ಕೂ ಸೇರಿದೆ. ಎರಡು ಗಂಟೆ ರಾತ್ರಿಯಲ್ಲಿ ಫ್ಯಾನ್ ನೋಡುತ್ತಾ ಮಲಗುವುದು ಮಾತ್ರ ತಪ್ಪಲಿಲ್ಲ. ಒಮ್ಮೆ ಸಿಟಿ ಬಸ್ಸಿನಲ್ಲಿ ಕಾರಣವೇ ಇಲ್ಲದೆ ಅಳು ಬಂತು. ಪಕ್ಕದ ಅಜ್ಜಿ ಸುಮ್ನೆ ಒಂದು ಬಾಳೆಹಣ್ಣು ಕೊಟ್ಟರು.

22ನೇ ವಯಸ್ಸಿಗೆ ಕೆಲಸ ಬಿಟ್ಟು ಊರಿಗೆ ಬಂದಾಗ ಮೈಸೂರಿನಲ್ಲೇ ಒಬ್ಬ ಡಾಕ್ಟರ್ ಮೇಡಂಗೆ ತೋರಿಸಿದೆ. ಮನಸ್ಸಿನ ಕಥೆ ಆಮೇಲೆ, ಮೊದಲು ಎರಡು ವಾರದ ನಿದ್ದೆ ಬರೆದುಕೊಂಡು ಬನ್ನಿ ಎಂದರು. ಅವ್ವ ಡೈರಿಗೆ ಹಾಕಿದ ಹಾಲಿನ ಲೆಕ್ಕವನ್ನು ಗೋಡೆ ಕ್ಯಾಲೆಂಡರಿನಲ್ಲಿ ಬರೆಯುತ್ತಾಳೆ: ಬೆ 4, ಸಂ 3½. ಅದರ ಕೆಳಗೇ ಪೆನ್ಸಿಲ್‌ನಲ್ಲಿ ನನ್ನ ಗಂಟೆಗಳನ್ನು ಬರೆದೆ. ರೇಗಾಡಿದ ದಿನಕ್ಕೆ ಒಂದು ಚುಕ್ಕಿ.

ಆರು ಚುಕ್ಕಿ ಬಿದ್ದವು. ಅದರಲ್ಲಿ ಐದು ಚುಕ್ಕಿಗಳ ಹಿಂದಿನ ರಾತ್ರಿ ಐದು ಗಂಟೆಯೂ ನಿದ್ದೆಯಿಲ್ಲ. ಜಗಳವಾಡಿದ ದಿನ ರಾತ್ರಿಯೂ ಅಷ್ಟೇ, ಕಣ್ಣು ಮುಚ್ಚುತ್ತಿರಲಿಲ್ಲ. ಹಾಗಾದರೆ ಯಾವುದರಿಂದ ಯಾವುದು? ಒಂದನ್ನೊಂದು ಎಳೆಯುತ್ತವೆ, ನಾವು ನಿದ್ದೆಯ ತುದಿ ಹಿಡಿಯೋಣ ಎಂದರು ಮೇಡಂ.

ಹರೆಯದಲ್ಲಿ ನಿದ್ದೆಯ ಸೂಚನೆ ಕೊಡುವ ಮೆಲಟೋನಿನ್ ಎಂಬ ಹಾರ್ಮೋನು ಒಂದೆರಡು ಗಂಟೆ ತಡವಾಗಿ ಏರುತ್ತದಂತೆ. 13ರಿಂದ 18 ವಯಸ್ಸಿನವರೆಗೆ ಬೇಕಾದದ್ದು 8ರಿಂದ 10 ಗಂಟೆ ನಿದ್ದೆ. ನನಗೆ ಸಿಕ್ಕಿದ್ದು ನಾಲ್ಕು ಚಿಲ್ಲರೆ. ಸೋಮಾರಿ ಅನ್ನಿಸಿಕೊಂಡದ್ದೆಲ್ಲ ಮೈಯ ಗಡಿಯಾರಕ್ಕೆ ಸೇರಬೇಕಾದ ಬೈಗುಳ, ಅಲ್ವಾ? 2007ರಲ್ಲಿ ಅಮೆರಿಕದಲ್ಲಿ ಯುವಕರನ್ನು ಸುಮಾರು 35 ಗಂಟೆ ಎಚ್ಚರವಿರಿಸಿ, ಮನಸ್ಸು ಕೆಡಿಸುವ ಚಿತ್ರ ತೋರಿಸಿದ್ದರು. ಭಯ, ಸಿಟ್ಟು ಹೊತ್ತಿಸುವ ಅಮಿಗ್ಡಲಾ ಎಂಬ ಮಿದುಳಿನ ಭಾಗ, ನಿದ್ದೆ ಮಾಡಿದವರಿಗಿಂತ ಶೇ. 60ರಷ್ಟು ಜಾಸ್ತಿ ಕೆರಳಿತ್ತು. ಅದಕ್ಕೆ ಮೂಗುದಾರ ಹಾಕುವ ಹಣೆಯ ಹಿಂದಿನ ಭಾಗದ ಜೊತೆ ಅದರ ನಂಟು ಸಡಿಲವಾಗಿತ್ತು. ಆ ಭಾಗ ಪೂರ್ತಿ ಬಲಿಯುವುದೇ 25ರ ಆಸುಪಾಸು. ನನ್ನ ಮುದ್ದೆ ಉರುಳದೆ ಇನ್ನೇನಾದೀತು!

ಔಷಧಿ ಅಂತ ಕೊಟ್ಟದ್ದು ಇಷ್ಟೇ: ಎಷ್ಟು ಹೊತ್ತಿಗೆ ಮಲಗಿದರೂ ಏಳುವುದು ಆರಕ್ಕೆ. ನಿದ್ದೆ ಬರದಿದ್ದರೆ ಹಾಸಿಗೆ ಬಿಟ್ಟು ಎದ್ದು ಕೂರುವುದು. ಮೊದಲ ವಾರ ನರಕ. ಎರಡು ತಿಂಗಳಾಗುವ ಹೊತ್ತಿಗೆ ಕ್ಯಾಲೆಂಡರಿನಲ್ಲಿ 7 ಕಾಣಿಸತೊಡಗಿತು. ಬೇಜಾರು ಈಗಲೂ ಬರುತ್ತದೆ, ಆದರೆ ಇಡೀ ವಾರ ಕೂರುವುದಿಲ್ಲ.

ಮೊನ್ನೆ ಊರಿಗೆ ಹೋದಾಗ ಅಪ್ಪ ಅವ್ವನ ಮೇಲೆ ಸುಮ್‌ಸುಮ್ನೆ ರೇಗುತ್ತಿದ್ದ. ರಾತ್ರಿ ಎಷ್ಟು ಗಂಟೆ ಮಲಗಿದ್ದೆ ಅಪ್ಪ ಅಂತ ಕೇಳಿದೆ.

"ನನ್ನೇನ್ಲಾ ಕೇಳೀಯೆ, ಕರೆಂಟ್‌ನೋರ್ನ ಕೇಳೋಗು" ಅಂದ.