ಚುಕ್ಕಿ ಪುಸ್ತಕ: ಕಿಚನರ್ ರೇಂಜರ್ಸ್ ಜೊತೆ 2024-25ರ ಸೀಸನ್

ಸೆಪ್ಟೆಂಬರ್ ಕೊನೆ

ಈ ಸಲ ನಾನೂ ಮಗಳೂ ಸೇರಿ ಒಂದು ಕೆಲಸ ಹಿಡಿದಿದ್ದೇವೆ. ಕೆನಡಾದ ಕಿಚನರ್ ಊರಿನ ಐಸ್ ಹಾಕಿ ತಂಡ ಕಿಚನರ್ ರೇಂಜರ್ಸ್ ಊರಲ್ಲಿ ಆಡುವ ಪಂದ್ಯಗಳಿಗೆ ಆದಷ್ಟೂ ಹೋಗುವುದು. ಗೋಲಿನ ಕಡೆಗೆ ಬಂದ ಪ್ರತಿ ಹೊಡೆತವನ್ನೂ ಹಾಳೆಯ ಮೇಲೆ ಗುರುತು ಹಾಕುವುದು. ಇಂಟರ್ನೆಟ್‌ನಲ್ಲಿ ಅಂಕಿ ಅಂಶ ಬೇಕಾದಷ್ಟು ಸಿಗುತ್ತದೆ, ನಿಜ. ಆದರೆ ಕೈಯಲ್ಲಿ ಬರೆದಾಗ ಆಟ ಕಣ್ಣಿಗೆ ಕಾಣುವ ರೀತಿಯೇ ಬೇರೆ.

ನಾವಿರುವುದು ಪಕ್ಕದ ವಾಟರ್‌ಲೂನಲ್ಲಿ. ಒಂದು ಊರು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಅಂತ ಗೊತ್ತೇ ಆಗುವುದಿಲ್ಲ. ರೇಂಜರ್ಸ್ ಆಡುವುದು ಒಂಟಾರಿಯೊ ಹಾಕಿ ಲೀಗ್‌ನಲ್ಲಿ, ಅಂದರೆ ಒ.ಎಚ್.ಎಲ್.ನಲ್ಲಿ. ಒಟ್ಟು 20 ತಂಡಗಳು. ಅದರಲ್ಲಿ ಮೂರು ಗಡಿಯಾಚೆ ಅಮೆರಿಕದವು: ಈರಿ, ಫ್ಲಿಂಟ್, ಸ್ಯಾಗಿನಾ. ಒಂದೊಂದು ತಂಡಕ್ಕೂ 68 ಪಂದ್ಯ. ಆಮೇಲೆ ಪ್ಲೇ ಆಫ್. ಆಟಗಾರರು ಹೆಚ್ಚುಕಮ್ಮಿ ಎಲ್ಲರೂ 16ರಿಂದ 20 ವಯಸ್ಸಿನವರು. 20 ವರ್ಷದವರು ಒಂದು ತಂಡದಲ್ಲಿ ಮೂರೇ ಜನ ಇರಬಹುದು.

ಹಾಳೆ ಹೀಗಿದೆ. ರಿಂಕ್‌ನ, ಅಂದರೆ ಐಸ್ ಅಂಗಳದ, ಅರ್ಧ ಭಾಗದ ಚಿತ್ರ ಬರೆದು, ಜೆರಾಕ್ಸ್ ಮಾಡಿಸಿ, ಅಟ್ಟೆಗೆ ಕ್ಲಿಪ್ ಹಾಕಿಕೊಂಡಿದ್ದೇವೆ. ಗೋಲಿ, ಅಂದರೆ ಗೋಲ್ ಕೀಪರ್, ತಡೆದದ್ದಕ್ಕೆ ಖಾಲಿ ಸೊನ್ನೆ. ಗುರಿ ತಪ್ಪಿದ್ದಕ್ಕೆ ಗುಣಿಸು ಚಿಹ್ನೆ. ಗೋಲಾದರೆ ಕೆಂಪು ಚುಕ್ಕಿ. ಬರೆಯುವುದು ಪೆನ್ಸಿಲ್‌ನಲ್ಲೇ. ಒಳಗಿನ ಚಳಿಗೆ ಬಾಲ್ ಪೆನ್ ಅರ್ಧ ಪಂದ್ಯಕ್ಕೇ ಕೈ ಕೊಡುತ್ತದೆ.

ಅಕ್ಟೋಬರ್

ಪಂದ್ಯ ನಡೆಯುವ ಜಾಗದ ಪೂರ್ತಿ ಹೆಸರು ಕಿಚನರ್ ಮೆಮೋರಿಯಲ್ ಆಡಿಟೋರಿಯಂ. ಊರಿನವರ ಬಾಯಲ್ಲಿ ಬರೀ 'ಆಡ್'. 1951ರಲ್ಲಿ ತೆರೆದದ್ದು. ಯುದ್ಧದಲ್ಲಿ ಸತ್ತವರ ನೆನಪಿಗೆ ಕಟ್ಟಿಸಿದ್ದು. ಕೆನಡಾದ ಜೂನಿಯರ್ ಹಾಕಿಯ ದೊಡ್ಡ ಬಹುಮಾನ ಮೆಮೋರಿಯಲ್ ಕಪ್ ಕೂಡ ಅಂಥದ್ದೇ. ಮೊದಲ ಮಹಾಯುದ್ಧಕ್ಕೆ ಹೋಗಿ ವಾಪಸ್ ಬಾರದವರ ಹೆಸರಲ್ಲಿ 1919ರಿಂದ ಕೊಡುತ್ತಿದ್ದಾರೆ. ರೇಂಜರ್ಸ್ ಅದನ್ನು ಗೆದ್ದದ್ದು ಎರಡು ಸಲ, 1982ರಲ್ಲಿ ಮತ್ತು 2003ರಲ್ಲಿ.

ಈ ತಂಡಕ್ಕೆ ಒಬ್ಬ ಯಜಮಾನ ಅಂತ ಇಲ್ಲ. ಲಾಭಕ್ಕಾಗಿ ನಡೆಯುವ ತಂಡವೂ ಅಲ್ಲ. ಸೀಸನ್ ಟಿಕೆಟ್ ತೆಗೆದುಕೊಂಡವರೇ ಆಡಳಿತ ಮಂಡಳಿಯನ್ನು ಆರಿಸುತ್ತಾರೆ. ಮಡಿಕೇರಿಯಲ್ಲಿ ಬೆಳೆದ ನನಗೆ ಇದು ತುಂಬಾ ಹಿಡಿಸಿತು. ಹಾಕಿ ಅಂದರೆ ಊರಿನವರದ್ದು, ಮನೆತನದ್ದು ಅಂತಲೇ ನೋಡಿಕೊಂಡು ಬಂದವಳು ನಾನು.

ಈ ತಿಂಗಳು ಹಾಳೆಗಳಲ್ಲಿ ಸೊನ್ನೆಗಳು ಎಲ್ಲೆಂದರಲ್ಲಿ ಇವೆ. ಕೆಂಪು ಚುಕ್ಕಿಗಳು ಮಾತ್ರ ಒಂದೇ ಜಾಗದಲ್ಲಿ ಗುಂಪಾಗಿವೆ. ಗೋಲಿನ ಎದುರಿಗೆ, ಐಸ್ ಮೇಲೆ ಬರೆದ ಎರಡು ವೃತ್ತಗಳ ನಡುವೆ ಇರುವ ಆ ಜಾಗಕ್ಕೆ ಸ್ಲಾಟ್ ಅನ್ನುತ್ತಾರೆ. ಗೋಲಿನ ಬಾಯಿ 6 ಅಡಿ ಅಗಲ, 4 ಅಡಿ ಎತ್ತರ. ಬದಿಯಿಂದ ಹೊಡೆದರೆ ಗೋಲಿ ಆ ಬಾಯಿಯನ್ನು ಪೂರ್ತಿ ಮುಚ್ಚಿಬಿಡುತ್ತಾನೆ. ಎದುರಿನಿಂದ ಬಂದರೆ ಆಗುವುದಿಲ್ಲ. ಆ ಜಾಗಕ್ಕೆ ಪಕ್ (ಚೆಂಡಿನ ಬದಲು ಇಲ್ಲಿ ಬಳಸುವ ರಬ್ಬರ್ ಬಿಲ್ಲೆ) ತರಬೇಕಾದರೆ ಎದುರಾಳಿಯ ಡಿಫೆನ್ಸ್‌ನವರು ಮೈಮೇಲೆ ಬೀಳುತ್ತಾರೆ. 16ರ ಹುಡುಗ, 20ರ ಗಂಡಸು. ಇಡೀ ಲೀಗ್‌ನ ಕಥೆ ಆ ಎರಡು ವೃತ್ತಗಳ ನಡುವೆಯೇ ಇದೆ ಅಂತ ನನಗೆ ಅನಿಸತೊಡಗಿದೆ.

ನವೆಂಬರ್

ಹಾಳೆಗೆ ಇನ್ನೊಂದು ಕಾಲಂ ಸೇರಿತು: ವಯಸ್ಸು. ಹೊಡೆದವನ ನಂಬರ್ ಪಕ್ಕದಲ್ಲಿ ಅವನ ವಯಸ್ಸನ್ನೂ ಬರೆಯುತ್ತೇವೆ. ಇದು ಮಗಳ ಐಡಿಯಾ. ಒಂದು ದಿನ ಆಟದ ಮಧ್ಯೆ, "ಅಮ್ಮಾ, ಅವ್ನು ನಮ್ ಕ್ಲಾಸ್ ಹುಡುಗರ ವಯಸ್ಸಿನವ್ನೇ ಅಲ್ವಾ? ಸೋಮವಾರ ಅವ್ನಿಗೂ ಮ್ಯಾಥ್ಸ್ ಇರತ್ತೆ" ಅಂದಳು. ನಿಜ. ಹೊರಗಿನಿಂದ ಬಂದ ಹುಡುಗರು ಇಲ್ಲೇ ಯಾರದೋ ಮನೆಯಲ್ಲಿ ಉಳಿದುಕೊಳ್ಳುತ್ತಾರೆ. ಆ ಮನೆಯವರಿಗೆ ಬಿಲೆಟ್ ಕುಟುಂಬ ಅನ್ನುತ್ತಾರೆ. ಇಲ್ಲಿನ ಸ್ಕೂಲಿಗೇ ಹೋಗುತ್ತಾರೆ. ಶುಕ್ರವಾರ ರಾತ್ರಿ ಬೇರೆ ಊರಲ್ಲಿ ಆಡಿ, ಬಸ್ಸಲ್ಲಿ ಮಲಗಿಕೊಂಡು ವಾಪಸ್ ಬರುತ್ತಾರೆ.

7ನೇ ತಾರೀಕು ದೊಡ್ಡ ಸುದ್ದಿ ಬಂತು. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್.ಸಿ.ಎ.ಎ. ತನ್ನ ನಿಯಮ ಬದಲಾಯಿಸಿದೆ. ಇಲ್ಲಿಯವರೆಗೆ ಒ.ಎಚ್.ಎಲ್.ನಂಥ ಲೀಗ್‌ಗಳಲ್ಲಿ ಆಡಿದವರನ್ನು ವೃತ್ತಿಪರರು ಅಂತ ಲೆಕ್ಕ ಹಾಕುತ್ತಿದ್ದರು. ಅಮೆರಿಕದ ಮೊದಲ ದರ್ಜೆಯ ಕಾಲೇಜು ತಂಡಗಳ ಬಾಗಿಲು ಅವರಿಗೆ ಮುಚ್ಚಿತ್ತು. 2025ರ ಆಗಸ್ಟ್ 1ರಿಂದ ಅದು ತೆರೆಯುತ್ತದೆ. ನಮ್ಮ ಮುಂದಿನ ಸಾಲಿನಲ್ಲಿ ಕೂರುವ ಹಿರಿಯರು ದಶಕಗಳಿಂದ ಇಲ್ಲಿಗೆ ಬರುತ್ತಿದ್ದಾರೆ. ಲೀಗ್ ಕಥೆ ಮುಗಿಯಿತು, ಒಳ್ಳೊಳ್ಳೆಯವರೆಲ್ಲ 18ಕ್ಕೇ ಕಾಲೇಜಿಗೆ ಹೋಗಿಬಿಡುತ್ತಾರೆ ಅಂತ ಅವರ ಆತಂಕ. ನನಗೆ ಹಾಗೆ ಅನಿಸುವುದಿಲ್ಲ. 15-16ನೇ ವಯಸ್ಸಿಗೇ 'ಇದೋ, ಅದೋ' ಅಂತ ಜೀವನದ ತೀರ್ಮಾನ ಮಾಡಿಸುವುದು ಸರಿಯಾ? ದೊಡ್ಡವರ ವೃತ್ತಿಪರ ಲೀಗ್ ಎನ್.ಎಚ್.ಎಲ್. ತಲುಪುವವರು ಇವರಲ್ಲಿ ಎಷ್ಟು ಕಡಿಮೆ ಅಂತ ಎಲ್ಲರಿಗೂ ಗೊತ್ತು. ಉಳಿದವರಿಗೆ ಓದೇ ಗತಿ. ಆಡಿದ ಒಂದೊಂದು ವರ್ಷಕ್ಕೆ ಒಂದೊಂದು ವರ್ಷದ ಕಾಲೇಜು ಫೀಸು ಒ.ಎಚ್.ಎಲ್. ಕಡೆಯಿಂದ ಸಿಗುತ್ತದೆ, ಅದು ದೊಡ್ಡ ವಿಷಯ. ಈಗ ಇನ್ನೂ ಒಂದು ದಾರಿ ಸಿಕ್ಕಿತು. ಸಿಗಲಿ ಬಿಡಿ.

ಡಿಸೆಂಬರ್, ಜನವರಿ

ಡಿಸೆಂಬರ್‌ನಲ್ಲಿ ಗೊಂಬೆ ಎಸೆಯುವ ಪಂದ್ಯ. ಊರ ತಂಡ ಮೊದಲ ಗೋಲು ಹೊಡೆದ ಕೂಡಲೇ ಜನ ಮನೆಯಿಂದ ತಂದ ಮೆತ್ತನೆ ಗೊಂಬೆಗಳನ್ನು ಐಸ್ ಮೇಲೆ ಎಸೆಯುತ್ತಾರೆ. ಹಬ್ಬದ ಹೊತ್ತಿಗೆ ಅವು ಕಷ್ಟದಲ್ಲಿರುವ ಮಕ್ಕಳ ಕೈ ಸೇರುತ್ತವೆ. ಗೊಂಬೆ ಗುಡಿಸಿ ಮುಗಿಸುವವರೆಗೆ ಆಟ ನಿಲ್ಲುತ್ತದೆ.

ಹಬ್ಬದ ರಜೆಯಲ್ಲಿ ವಿಶ್ವ ಜೂನಿಯರ್ ಟೂರ್ನಿ ಒಟ್ಟಾವಾ ನಗರದಲ್ಲಿ ನಡೆಯಿತು. ಅಲ್ಲಿ ಈರಿ ತಂಡದ ಮ್ಯಾಥ್ಯೂ ಶೇಫರ್ ಕೆನಡಾ ಪರ ಲಾಟ್ವಿಯಾ ವಿರುದ್ಧ ಆಡುವಾಗ ಗೋಲಿನ ಕಂಬಕ್ಕೆ ಗುದ್ದಿ ಕಾಲರ್ ಬೋನ್ ಮುರಿದುಕೊಂಡ. 17ರ ಹುಡುಗ. ಒ.ಎಚ್.ಎಲ್.ನಲ್ಲಿ ಅವನ ಸೀಸನ್ 17 ಪಂದ್ಯಕ್ಕೇ ಮುಗಿಯಿತು. ಅವನು ಹಿಂದಕ್ಕೆ ಜಾರುತ್ತಲೇ ಎದುರಾಳಿಯನ್ನು ಬದಿಗೆ ತಳ್ಳಿಕೊಂಡು ಹೋಗುವುದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ.

ಜನವರಿ ಶುರುವಿನಲ್ಲಿ ಆಟಗಾರರ ವಿನಿಮಯದ ಕೊನೆ ದಿನಾಂಕ. ಲೀಗ್‌ನಲ್ಲಿ ನನಗೆ ಸಹಿಸಲು ಆಗದ ವಿಷಯ ಅಂದರೆ ಇದೊಂದೇ. ಕಪ್ ಗೆಲ್ಲಬೇಕು ಅನ್ನುವ ತಂಡಗಳು ದೊಡ್ಡ ಹುಡುಗರನ್ನು ತರಿಸಿಕೊಳ್ಳುತ್ತವೆ. ಬದಲಿಗೆ ಚಿಕ್ಕವರನ್ನೂ ಮುಂದಿನ ವರ್ಷಗಳ ಡ್ರಾಫ್ಟ್‌ನಲ್ಲಿ, ಅಂದರೆ ಹೊಸ ಹುಡುಗರನ್ನು ಆರಿಸಿಕೊಳ್ಳುವಾಗ, ತಮ್ಮ ಸರದಿಯನ್ನೂ ಕೊಡುತ್ತವೆ. ಶಾಲೆಯ ವರ್ಷ ಅರ್ಧ ಆಗಿರುತ್ತದೆ. ಹುಡುಗ ಬ್ಯಾಗ್ ತುಂಬಿಕೊಂಡು ಹೊಸ ಊರು, ಹೊಸ ಮನೆ, ಹೊಸ ಕ್ಲಾಸ್ ಅಂತ ಹೊರಡಬೇಕು. ನಮ್ಮ ಬೀದಿಯಲ್ಲಿ ಹಿಂದೆ ಒಬ್ಬ ಆಟಗಾರನನ್ನು ಇಟ್ಟುಕೊಂಡಿದ್ದ ಹೆಂಗಸು ಇದ್ದಾರೆ. ಅವನು ಹೋದ ಮೇಲೆ ವಾರಗಟ್ಟಲೆ ಅಭ್ಯಾಸಬಲದಿಂದ ಅವನ ಪಾಲಿನ ಅಡುಗೆಯನ್ನೂ ಮಾಡುತ್ತಿದ್ದರಂತೆ. ತಂಡಗಳಿಗೆ ಇದು ಬೇಕಾಗುತ್ತದೆ, ನನಗೆ ಅರ್ಥವಾಗುತ್ತದೆ. ಆದರೂ ಬೇಸಿಗೆ ರಜೆಯಲ್ಲಿ ಮಾತ್ರ ಇದಕ್ಕೆ ಅವಕಾಶ ಕೊಡಬಹುದಲ್ವಾ?

ಫೆಬ್ರವರಿ, ಮಾರ್ಚ್

ಹಾಳೆಗಳನ್ನೆಲ್ಲ ನೆಲದ ಮೇಲೆ ಹರಡಿ, ವಯಸ್ಸಿನ ಪ್ರಕಾರ ಬೇರೆ ಬೇರೆ ಕಾಗದಕ್ಕೆ ಇಳಿಸಿದೆವು. ಅಕ್ಟೋಬರ್‌ನಲ್ಲಿ ಚಿಕ್ಕ ಹುಡುಗರ ಗುರುತುಗಳೆಲ್ಲ ಅಂಚಿನಲ್ಲಿದ್ದವು, ರಿಂಕ್ ಸುತ್ತಲಿನ ಬೋರ್ಡ್ ಪಕ್ಕ, ಗೋಲಿನಿಂದ ದೂರದ ಬ್ಲೂ ಲೈನ್ ಹತ್ತಿರ. ಮಾರ್ಚ್ ಹೊತ್ತಿಗೆ ಒಳಗೆ ಬರುತ್ತಿವೆ. ಎಲ್ಲರದ್ದೂ ಅಲ್ಲ. ಒಬ್ಬನದ್ದಂತೂ ಕಣ್ಣಿಗೆ ಹೊಡೆಯುವಷ್ಟು ಬದಲಾಗಿದೆ. ಮೊದಲು ಯಾರಾದರೂ ಹತ್ತಿರ ಬಂದರೆ ಅಲ್ಲಿಂದಲೇ ಹೊಡೆದುಬಿಡುತ್ತಿದ್ದ. ಈಗ ಒಂದು ಕ್ಷಣ ಪಕ್ ಇಟ್ಟುಕೊಂಡು, ಭುಜ ಒಡ್ಡಿ, ಒಳಗೆ ನುಗ್ಗಿ ಆಮೇಲೆ ಹೊಡೆಯುತ್ತಾನೆ. ಅವನ ಖಾತೆಯಲ್ಲಿ ಗೋಲುಗಳು ಅಷ್ಟೇನೂ ಏರಿಲ್ಲ. ಅಂಕಪಟ್ಟಿ ನೋಡಿದರೆ ಸುಮ್ನೆ ಇನ್ನೊಬ್ಬ ಆಟಗಾರ. ಹಾಳೆ ನೋಡಿದರೆ ಬೆಳೆಯುತ್ತಿರುವ ಹುಡುಗ. ಜೂನಿಯರ್ ಹಾಕಿಯನ್ನು ನಾನು ಇಷ್ಟಪಡುವುದು ಇದಕ್ಕೇ. ದೊಡ್ಡವರ ಲೀಗ್‌ನಲ್ಲಿ ಆಟಗಾರ ಅದಾಗಲೇ ರೂಪುಗೊಂಡು ಬಂದಿರುತ್ತಾನೆ. ಇಲ್ಲಿ ಅವನು ನಮ್ಮ ಕಣ್ಣೆದುರೇ ಆಗುತ್ತಾನೆ.

ಈ ತಿಂಗಳುಗಳಲ್ಲಿ ನಾನು ಹೆಚ್ಚು ನೋಡಿದ್ದು ಗೋಲಿ ಜಾಕ್ಸನ್ ಪಾರ್ಸನ್ಸ್‌ನನ್ನು. ಎನ್.ಎಚ್.ಎಲ್. ಡ್ರಾಫ್ಟ್‌ನಲ್ಲಿ ಯಾವ ತಂಡವೂ ಆರಿಸದೆ ಬಿಟ್ಟ ಹುಡುಗ. ಪೀರಿಯಡ್ (ಪಂದ್ಯದ ಮೂರು ಭಾಗಗಳಲ್ಲಿ ಒಂದು) ಶುರುವಾಗುವಾಗ ಐಸ್ ಹೊಸದಾಗಿ ನೀರು ಹಾಯಿಸಿ ನುಣುಪಾಗಿರುತ್ತದೆ. ಗೋಲಿ ಮೊದಲು ಮಾಡುವ ಕೆಲಸ ಅದನ್ನು ಕೆಡಿಸುವುದು. ಗೋಲಿನ ಮುಂದಿನ ನೀಲಿ ಜಾಗದಲ್ಲಿ ಈ ಕಂಬದಿಂದ ಆ ಕಂಬಕ್ಕೆ ಸ್ಕೇಟ್‌ನ ಅಲಗಿನಿಂದ ಉಜ್ಜುತ್ತಾ ಹೋಗುತ್ತಾನೆ. ಬಿಳಿ ಪುಡಿ ಏಳುತ್ತದೆ. ಅಷ್ಟು ಒರಟಾದರೆ ಮಾತ್ರ ಕಾಲು ಊರಿ ಥಟ್ಟನೆ ಪಕ್ಕಕ್ಕೆ ತಳ್ಳಿಕೊಳ್ಳಲು ಹಿಡಿತ ಸಿಗುತ್ತದೆ. ಎಲ್ಲ ಗೋಲಿಗಳೂ ಇದನ್ನು ಮಾಡುತ್ತಾರೆ. ಆದರೆ ಜನ ಆಗ ಪಾಪ್‌ಕಾರ್ನ್ ಹಿಡಿದುಕೊಂಡು ಸೀಟು ಹುಡುಕುತ್ತಿರುತ್ತಾರೆ. ಸೀಸನ್ ಮುಗಿದಾಗ ಒ.ಎಚ್.ಎಲ್.ನ ವರ್ಷದ ಗೋಲಿ ಅಂತ ಆರಿಸಿದ್ದು ಪಾರ್ಸನ್ಸ್‌ನನ್ನೇ. ನಮ್ಮ ಮನೆಯಲ್ಲಿ ಅವತ್ತು ಪಾಯಸ.

ಏಪ್ರಿಲ್

ಪ್ಲೇ ಆಫ್‌ನ ಎರಡನೇ ಸುತ್ತಿನಲ್ಲಿ ಎದುರಾಳಿ ವಿಂಡ್ಸರ್ ಸ್ಪಿಟ್‌ಫೈರ್ಸ್. ಏಳು ಪಂದ್ಯಗಳ ಸರಣಿ, ನಾಲ್ಕು ಗೆದ್ದವರು ಮುಂದಕ್ಕೆ. ಮೊದಲ ಮೂರನ್ನೂ ವಿಂಡ್ಸರ್ ಗೆದ್ದಿತು.

ಅದೇ ದಿನಗಳಲ್ಲಿ ಮಡಿಕೇರಿಯಲ್ಲಿ ಮುದ್ದಂಡ ಹಾಕಿ ಹಬ್ಬ ನಡೆಯುತ್ತಿತ್ತು. ಕೊಡವ ಕುಟುಂಬಗಳ ಹಾಕಿಯ ಬೆಳ್ಳಿಹಬ್ಬದ ವರ್ಷ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರು ಮಾಡಿದ್ದು ಎಲ್ಲಿಗೆ ಬಂದು ನಿಂತಿದೆ ನೋಡಿ. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ನಲ್ಲಿ 360 ಕುಟುಂಬಗಳು ಆಡಿ ಗಿನ್ನೆಸ್ ದಾಖಲೆಯಾಯಿತು. ಅಜ್ಜ, ಮೊಮ್ಮಗ, ಸೊಸೆ ಒಂದೇ ತಂಡದಲ್ಲಿ ಸ್ಟಿಕ್ ಹಿಡಿಯುತ್ತಾರೆ. ಊರಿನ ಗೆಳತಿ ಬಿಸಿಲಲ್ಲಿ ತೆಗೆದ ವಿಡಿಯೊಗಳನ್ನು ಕಳಿಸುತ್ತಿದ್ದಳು. ನಾನು ವಾಪಸ್ ಐಸ್ ಫೋಟೊ ಕಳಿಸುತ್ತಿದ್ದೆ. "ಎಂತ ಮಾರಾಯ್ತಿ, ಏಪ್ರಿಲಲ್ಲೂ ಸ್ವೆಟರಾ?" ಅಂತ ಅವಳ ಪ್ರಶ್ನೆ.

ಇಲ್ಲಿ ನಾಲ್ಕನೇ ಪಂದ್ಯ ರೇಂಜರ್ಸ್ ಗೆದ್ದರು. ಐದನೆಯದೂ. ಆರನೆಯದೂ. ಮುಂದಿನ ಸಾಲಿನ ಹಿರಿಯರು ಮಾತಾಡುವುದನ್ನೇ ನಿಲ್ಲಿಸಿದ್ದರು. ಕೋಚ್ ಯೂಸ್ಸಿ ಅಹೋಕಾಸ್ ಫಿನ್‌ಲೆಂಡ್‌ನವರು. 2019ರಲ್ಲಿ ತಮ್ಮ ದೇಶದ ಹುಡುಗರಿಗೆ ವಿಶ್ವ ಜೂನಿಯರ್ ಚಿನ್ನ ಗೆಲ್ಲಿಸಿಕೊಟ್ಟವರು. ಏಳನೇ ಪಂದ್ಯ ವಿಂಡ್ಸರ್‌ನಲ್ಲಿ. ಅದು ನಮ್ಮಿಂದ ಹೆಚ್ಚುಕಮ್ಮಿ 280 ಕಿಲೋಮೀಟರ್ ದೂರ. ಮರುದಿನ ಸ್ಕೂಲ್ ಇದ್ದದ್ದರಿಂದ ಮನೆಯಲ್ಲೇ ಟಿವಿ ಮುಂದೆ ಹಾಳೆ ಹಿಡಿದು ಕೂತೆವು. ಕೊನೆಯ ಪೀರಿಯಡ್‌ನಲ್ಲಿ ಮಗಳು ಪೆನ್ಸಿಲ್ ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡಳು. ಆ ಹಾಳೆ ಅರ್ಧ ಖಾಲಿ ಇದೆ, ಹಾಗೇ ಇರಲಿ. ರೇಂಜರ್ಸ್ ಗೆದ್ದರು. 0-3ರಿಂದ 4-3!

ಮೇ, ಜೂನ್

ಮುಂದಿನ ಸುತ್ತಿನಲ್ಲಿ ಲಂಡನ್ ನೈಟ್ಸ್. ಲಂಡನ್ ಅಂದರೆ ಒಂಟಾರಿಯೊದ ಲಂಡನ್, ಇಲ್ಲಿಂದ ನೂರು ಕಿಲೋಮೀಟರ್ ಆಸುಪಾಸು. ನಾಲ್ಕಕ್ಕೆ ನಾಲ್ಕೂ ಅವರೇ ಗೆದ್ದರು. ಹಾಳೆಯಲ್ಲಿ ಕಾರಣ ಸ್ಪಷ್ಟವಾಗಿದೆ. ನಮ್ಮ ಹುಡುಗರನ್ನು ಸ್ಲಾಟ್ ಒಳಗೆ ಕಾಲಿಡಲು ಬಿಡಲೇ ಇಲ್ಲ. ಸ್ಯಾಮ್ ಡಿಕಿನ್ಸನ್‌ನಂಥ ಡಿಫೆನ್ಸ್ ಆಟಗಾರ ಇರುವ ತಂಡ ಅದು. ಅವರು ಆಮೇಲೆ ಫೈನಲ್ ಸರಣಿಯಲ್ಲಿ ಓಶವಾ ತಂಡವನ್ನು 4-1ರಿಂದ ಸೋಲಿಸಿ ಒ.ಎಚ್.ಎಲ್. ಗೆದ್ದರು. ಜೂನ್ 1ರಂದು ರಿಮೂಸ್ಕಿಯಲ್ಲಿ ಮೆಡಿಸಿನ್ ಹ್ಯಾಟ್ ತಂಡದ ವಿರುದ್ಧ ಫೈನಲ್ ಪಂದ್ಯವನ್ನು 4-1ರಿಂದ ಗೆದ್ದು ಮೆಮೋರಿಯಲ್ ಕಪ್ಪನ್ನೂ ಎತ್ತಿದರು. ಹಿಂದಿನ ವರ್ಷ ಅದೇ ಫೈನಲ್‌ನಲ್ಲಿ ಸ್ಯಾಗಿನಾ ವಿರುದ್ಧ 4-3ರಲ್ಲಿ ಸೋತಿದ್ದ ತಂಡ. ಅವರಿಗೆ ಸಲ್ಲಬೇಕಾದದ್ದು ಸಂದಿತು ಅನ್ನಲೇಬೇಕು.

ಜೂನ್ ಕೊನೆಯಲ್ಲಿ ಎನ್.ಎಚ್.ಎಲ್. ಡ್ರಾಫ್ಟ್. ಬರೀ 17 ಪಂದ್ಯ ಆಡಿದ್ದ ಶೇಫರ್‌ನನ್ನೇ ನ್ಯೂಯಾರ್ಕ್ ಐಲ್ಯಾಂಡರ್ಸ್ ಎಲ್ಲರಿಗಿಂತ ಮೊದಲು ಆರಿಸಿಕೊಂಡರು. ಎರಡನೆಯವನು ಸ್ಯಾಗಿನಾದ ಮೈಕಲ್ ಮೀಸಾ. ನಮ್ಮ ರೇಂಜರ್ಸ್‌ನ ಡಿಫೆನ್ಸ್ ಹುಡುಗ ಕ್ಯಾಮರನ್ ರೀಡ್ 21ನೆಯವನಾಗಿ ನ್ಯಾಶ್‌ವಿಲ್ ಪಾಲಾದ. ಅದೇ ನ್ಯಾಶ್‌ವಿಲ್ 5ನೆಯವನಾಗಿ ಆರಿಸಿದ್ದು ಸೂ ಗ್ರೇಹೌಂಡ್ಸ್‌ನ ಬ್ರೇಡಿ ಮಾರ್ಟಿನ್‌ನನ್ನು. ಅವನ ಮನೆ ನಮ್ಮ ಪಕ್ಕದ ಎಲ್ಮೈರಾದಲ್ಲಿ. ಡ್ರಾಫ್ಟ್‌ಗೆ ಸೂಟ್ ಹಾಕಿಕೊಂಡು ಲಾಸ್ ಏಂಜಲೀಸ್‌ಗೆ ಹೋಗುವ ಬದಲು ಅವನು ಮನೆಯವರ ಜೊತೆ ತಮ್ಮ ತೋಟದಲ್ಲೇ ಇದ್ದ, ಹಸುಗಳ ಕೆಲಸ ನೋಡಿಕೊಂಡು. ಶನಿವಾರ ನಾವು ತರಕಾರಿಗೆ ಹೋಗುವ ದಾರಿ ಅದು.

ಮುಂದಿನ ಸೀಸನ್‌ಗೆ ಹಾಳೆ ಬದಲಾಗುತ್ತಿದೆ. ಒಂದು ಶಿಫ್ಟ್, ಅಂದರೆ ಆಟಗಾರ ಒಂದು ಸಲಕ್ಕೆ ಐಸ್ ಮೇಲೆ ಇರುವ ಹೊತ್ತು, ಮುಕ್ಕಾಲು ನಿಮಿಷದ ಆಸುಪಾಸು ಇರುತ್ತದೆ. ಹೊಡೆದದ್ದು ಶಿಫ್ಟ್‌ನ ಶುರುವಿನಲ್ಲಾ ಕೊನೆಯಲ್ಲಾ ಅನ್ನುವುದಕ್ಕೆ ಒಂದು ಕಾಲಂ ಹಾಕುತ್ತಿದ್ದೇವೆ. ಚಿಕ್ಕವರು ಸುಸ್ತಾದಾಗ ಮತ್ತೆ ಅಂಚಿಗೆ ಸರಿಯುತ್ತಾರೆ ಅಂತ ನನ್ನ ಗುಮಾನಿ, ಅದನ್ನು ನೋಡಬೇಕು. ಸ್ಟಾಪ್‌ವಾಚ್ ಮಗಳ ಕೈಗೆ, ಚುಕ್ಕಿ ನನ್ನ ಕೈಗೆ. ಗೆಳತಿ ಡಿಸೆಂಬರ್‌ನಲ್ಲಿ ಇಲ್ಲಿಗೆ ಬರುತ್ತಿದ್ದಾಳೆ. ಅವಳಿಗೂ ಒಂದು ಪೆನ್ಸಿಲ್ ತೆಗೆದಿಟ್ಟಿದ್ದೇವೆ, ಜೊತೆಗೆ ಒಂದು ದಪ್ಪ ಸ್ವೆಟರ್.